ಜೇಡಿಮಣ್ಣಿನ ಹುಳಿ: ಒಂದು ಹಳೆಯ ವಾದದ ಇತಿಹಾಸ

ದೆಹಲಿಯಲ್ಲಿ ನೆಲೆಸಿರುವ ಕನ್ನಡಿಗರಿಗೆ ಪೂಸಾ ಎಂಬ ಹೆಸರು ಹೊಸದಲ್ಲ. ಕರೋಲ್ ಬಾಗಿನ ಕಡೆ ಓಡಾಡುವವರೆಲ್ಲ ಪೂಸಾ ರಸ್ತೆಯನ್ನು ಬಲ್ಲರು. ಆದರೆ ಆ ಹೆಸರು ಮೂಲತಃ ದೆಹಲಿಯದಲ್ಲ; ಬಿಹಾರದ ಒಂದು ಹಳ್ಳಿಯದು. ಅಲ್ಲಿ 1905ರಲ್ಲಿ ಸ್ಥಾಪನೆಯಾದ ಕೃಷಿ ಸಂಶೋಧನಾ ಸಂಸ್ಥೆಯ ಕಟ್ಟಡ 1934ರ ಜನವರಿ 15ರ ಭೂಕಂಪದಲ್ಲಿ ಹಾಳಾಯಿತು. ಸಂಸ್ಥೆ 1936ರಲ್ಲಿ ದೆಹಲಿಗೆ ಬಂತು. ಬರುವಾಗ ಹಳ್ಳಿಯ ಹೆಸರನ್ನೂ ಜೊತೆಗೆ ತಂದಿತು. ಊರು ಬಿಟ್ಟು ದಶಕಗಳಾದರೂ ಹೆಸರಿನ ಹಿಂದೆ ಊರಿನ ಹೆಸರನ್ನು ಬಿಡದೆ ಇಟ್ಟುಕೊಳ್ಳುವ ನಮ್ಮವರಿಗೆ ಇದು ಆಶ್ಚರ್ಯವೆನಿಸಲಾರದು.

ಆ ಸಂಸ್ಥೆಗೂ ನಮ್ಮ ಮಲೆನಾಡು, ಕರಾವಳಿಯ ತೋಟಗಳಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧವಿದೆ. ಮಣ್ಣು ಹುಳಿಯಾಗುವುದೇಕೆ, ಆ ಹುಳಿ ಇರುವುದೆಲ್ಲಿ, ಅದನ್ನು ಕಳೆಯಲು ಎಷ್ಟು ಸುಣ್ಣ ಬೇಕು ಎಂಬ ಪ್ರಶ್ನೆಗಳ ಬಗ್ಗೆ ವಿಜ್ಞಾನಿಗಳು ಸುಮಾರು ಅರ್ಧ ಶತಮಾನ ವಾದ ಮಾಡಿದರು. ಆ ವಾದದಲ್ಲಿ ಭಾರತೀಯರ ಪಾಲು ದೊಡ್ಡದು. ಅವರಲ್ಲಿ ಒಬ್ಬರು ನಮ್ಮ ಈ ಪೂಸಾ ಸಂಸ್ಥೆಯ ನಿರ್ದೇಶಕರಾಗಿದ್ದರು. ಇನ್ನೊಬ್ಬರು ದೆಹಲಿ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದರು. ಊರಿನಲ್ಲಿ ಇನ್ನೂ ಒಂದಿಷ್ಟು ಜಮೀನು ಉಳಿಸಿಕೊಂಡಿರುವ ಕುಟುಂಬಗಳಿಗೆ ಈ ಕಥೆ ಲೆಕ್ಕಪತ್ರದಷ್ಟೇ ಉಪಯುಕ್ತ ಎಂದು ನಮ್ಮ ನಂಬಿಕೆ.

ಮೊದಲಿಗೆ ಎರಡು ನೆಲಗಳನ್ನು ಹೋಲಿಸೋಣ. ದೆಹಲಿಯದು ಯಮುನೆ ತಂದು ಹಾಸಿದ ಮೆಕ್ಕಲು ಮಣ್ಣು. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರು. ಮಣ್ಣಿನಲ್ಲಿರುವ ಸುಣ್ಣದಂಶ ಕೊಚ್ಚಿಹೋಗಲು ಅಷ್ಟು ಮಳೆ ಸಾಲದು. ಆದ್ದರಿಂದ ಇಲ್ಲಿನ ಮಣ್ಣು ಕ್ಷಾರದ ಕಡೆಗೆ ವಾಲಿದೆ; ಅದರ ಪಿ.ಎಚ್. ಸಾಮಾನ್ಯವಾಗಿ 8ರ ಆಸುಪಾಸಿನಲ್ಲಿರುತ್ತದೆ. ನಮ್ಮ ಆಗುಂಬೆಯಲ್ಲಾದರೋ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಹತ್ತು ಪಟ್ಟು! ಸಾವಿರಾರು ವರ್ಷಗಳ ಈ ಮಳೆ ಮಣ್ಣಿನೊಳಗಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತೊಳೆದು ಹೊಳೆಗೆ ಸೇರಿಸಿದೆ. ಉಳಿದಿರುವುದು ಕೆಂಪು ಮಣ್ಣು ಮತ್ತು ಜಂಬಿಟ್ಟಿಗೆ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಪ್ರಾಂತ್ಯಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟಿಸಿದ ಪ್ರವಾಸ ಗ್ರಂಥದಲ್ಲಿ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ. ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಬಂದ ಹೆಸರು ಅದು. ನಮ್ಮ ಜಂಬಿಟ್ಟಿಗೆಯಲ್ಲೂ ಇಟ್ಟಿಗೆ ಇದೆ ಎಂಬುದನ್ನು ಗಮನಿಸಬಹುದು. ಇಂತಹ ನೆಲದ ಪಿ.ಎಚ್. 5ರ ಸುತ್ತಮುತ್ತ, ಕೆಲವೆಡೆ ಅದಕ್ಕಿಂತಲೂ ಕೆಳಗೆ ಇರುವುದುಂಟು. ಪಿ.ಎಚ್. 7 ಎಂದರೆ ತಟಸ್ಥ. ಅದರಿಂದ ಒಂದೊಂದು ಅಂಕಿ ಇಳಿದಂತೆ ಹುಳಿ ಹತ್ತು ಪಟ್ಟು ಏರುತ್ತದೆ ಎಂಬುದನ್ನು ಶಾಲೆಯಲ್ಲಿ ಓದುವ ಮಕ್ಕಳೂ ಬಲ್ಲರು.

ಹುಳಿ ಮಣ್ಣಿಗೆ ಸುಣ್ಣ ಹಾಕಬೇಕೆಂಬ ತಿಳಿವಳಿಕೆ ಬಹಳ ಹಳೆಯದು. ಅದಕ್ಕೆ ವೈಜ್ಞಾನಿಕ ಕಾರಣ ಕೊಡಲು ಮೊದಲು ಯತ್ನಿಸಿದವರಲ್ಲಿ ಅಮೆರಿಕದ ವರ್ಜೀನಿಯಾದ ಜಮೀನುದಾರ ಎಡ್ಮಂಡ್ ರಫಿನ್ ಒಬ್ಬ. ಇಳುವರಿ ಕುಸಿದಿದ್ದ ತನ್ನ ಹೊಲಕ್ಕೆ 1818ರಲ್ಲಿ ಸುಣ್ಣದಂಶವಿದ್ದ ಚಿಪ್ಪುಮಣ್ಣನ್ನು ಹಾಕಿ ಫಲ ಕಂಡು, 1832ರಲ್ಲಿ ಅದರ ಬಗ್ಗೆ ಪುಸ್ತಕವನ್ನೇ ಬರೆದ. ಮಣ್ಣಿನಲ್ಲಿ ಆಮ್ಲವಿದೆ, ಸುಣ್ಣ ಅದನ್ನು ಕೊಲ್ಲುತ್ತದೆ ಎಂಬುದು ಅವನ ವಾದ. ಆ ಆಮ್ಲ ಯಾವುದು ಎಂಬುದು ಮಾತ್ರ ತಿಳಿದಿರಲಿಲ್ಲ.

ಮುಂದಿನ ಹೆಜ್ಜೆ ಇಂಗ್ಲೆಂಡಿನದು. ಅಲ್ಲಿನ ರಾಯಲ್ ಕೃಷಿ ಸಂಘದ ರಸಾಯನಜ್ಞ ಥಾಮಸ್ ವೇ 1850ರಲ್ಲಿ ಒಂದು ವಿಚಿತ್ರವನ್ನು ವರದಿ ಮಾಡಿದ. ಅಮೋನಿಯಾ ಲವಣದ ದ್ರಾವಣವನ್ನು ಮಣ್ಣಿನ ಮೂಲಕ ಸೋಸಿದರೆ, ಅಮೋನಿಯಾ ಮಣ್ಣಿನಲ್ಲೇ ಉಳಿದು, ಕೆಳಗೆ ಸುಣ್ಣದ ಲವಣ ಇಳಿಯುತ್ತಿತ್ತು. ಮಣ್ಣು ಒಂದನ್ನು ಹಿಡಿದುಕೊಂಡು ಇನ್ನೊಂದನ್ನು ಬಿಟ್ಟುಕೊಡುತ್ತಿತ್ತು. ಈ ವಿನಿಮಯ ನಡೆಯುವುದು ಮಣ್ಣಿನ ಜೇಡಿಯ ಭಾಗದಲ್ಲಿ ಎಂದೂ ಆತ ಕಂಡುಕೊಂಡ. ವೇ ನಂತರ ಅದೇ ಹುದ್ದೆಗೆ ಬಂದವನು ಆಗಸ್ಟಸ್ ವೋಲ್ಕರ್. ಅವನ ಮಗ ಜಾನ್ ಆಗಸ್ಟಸ್ ವೋಲ್ಕರ್ ಸರ್ಕಾರದ ಕೋರಿಕೆಯಂತೆ 1889ರಲ್ಲಿ ಭಾರತಕ್ಕೆ ಬಂದು, ಊರೂರು ಸುತ್ತಿ, ಭಾರತದ ಬೇಸಾಯದ ಮೇಲೆ 1893ರಲ್ಲಿ ಪ್ರಕಟವಾದ ಪ್ರಸಿದ್ಧ ವರದಿಯನ್ನು ಬರೆದ. ಹೀಗೆ ಮಣ್ಣಿನ ರಸಾಯನಶಾಸ್ತ್ರ ನಮ್ಮ ದೇಶಕ್ಕೆ ಸರ್ಕಾರಿ ಕಡತದ ಮೂಲಕವೇ ಬಂತೆನ್ನಬಹುದು.

ಮೈಸೂರು ಸಂಸ್ಥಾನವೂ ಹಿಂದೆ ಬೀಳಲಿಲ್ಲ. 1899ರಲ್ಲಿ, ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರಾಜಪ್ರತಿನಿಧಿಯಾಗಿದ್ದ ಕಾಲದಲ್ಲಿ, ಬೆಂಗಳೂರಿನ ಹೆಬ್ಬಾಳದಲ್ಲಿ 30 ಎಕರೆ ನೆಲ ಕೃಷಿ ಪ್ರಯೋಗಕ್ಕೆ ದೊರೆಯಿತು. ಡಾ. ಲೆಹ್ಮನ್ ಎಂಬ ರಸಾಯನಜ್ಞರು ಮಣ್ಣು ಮತ್ತು ಬೆಳೆಗಳ ಪರೀಕ್ಷೆ ಆರಂಭಿಸಿದರು. ಅವರ ನಂತರ ಬಂದ ಡಾ. ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಕೊಳೆರೋಗದ ವಿರುದ್ಧ ಬೋರ್ಡೋ ದ್ರಾವಣವನ್ನು ಕಲಿಸಿಕೊಟ್ಟರು. ಮೈಲುತುತ್ತದ ನೀರಿಗೆ ಸುಣ್ಣದ ತಿಳಿ ಸೇರಿಸಿ ಮಾಡುವ ಈ ಔಷಧ ಇಂದಿಗೂ ಮಳೆಗಾಲಕ್ಕೆ ಮುಂಚೆ ಪ್ರತಿ ತೋಟದಲ್ಲೂ ಸಿದ್ಧವಾಗುತ್ತದೆ. ಮೈಲುತುತ್ತದ ನೀರು ಹುಳಿ. ಸುಣ್ಣ ಕಡಿಮೆಯಾದರೆ ಎಳೆಯ ಕಾಯಿ, ಹಿಂಗಾರ ಸುಡುತ್ತದೆ. ಅದಕ್ಕಾಗಿ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಅದ್ದಿ ನೋಡುವ ಪದ್ಧತಿ ಇದೆ. ಚಾಕುವಿನ ಮೇಲೆ ತಾಮ್ರದ ಕೆಂಪು ಕೂತರೆ ಇನ್ನೂ ಸುಣ್ಣ ಬೇಕೆಂದು ಅರ್ಥ. ಕೆಂಪು ಕೂರದಿದ್ದರೆ ಸರಿಯಾಯಿತು. ತಟಸ್ಥೀಕರಣ ಎಂಬ ದೊಡ್ಡ ಮಾತನ್ನು ಕೇಳದಿದ್ದರೂ ನಮ್ಮ ತೋಟಿಗರು ಅದನ್ನು ಕೈಯಿಂದ ಬಲ್ಲವರು.

ಆದರೆ ದ್ರಾವಣದ ಹುಳಿ ಬೇರೆ, ಮಣ್ಣಿನ ಹುಳಿ ಬೇರೆ. ದ್ರಾವಣದಲ್ಲಿ ಚಾಕು ನಿಜ ಹೇಳುತ್ತದೆ. ಮಣ್ಣಿನಲ್ಲಿ ಅಂತಹ ಚಾಕು ಇಲ್ಲ. ಯಾಕೆಂದು ತಿಳಿಯಲು ಜೇಡಿಯ ರಚನೆಯನ್ನು ಸ್ವಲ್ಪ ನೋಡಬೇಕು.

ಜೇಡಿ ಎಂದರೆ ಬರೇ ನುಣ್ಣನೆಯ ಧೂಳಲ್ಲ. 1930ರ ಸುಮಾರಿಗೆ ಎಕ್ಸ್-ರೇ ಸಹಾಯದಿಂದ ನೋಡಿದಾಗ ಅದು ಹಾಳೆಗಳ ಮೇಲೆ ಹಾಳೆ ಪೇರಿಸಿದ ಸ್ಫಟಿಕ ಎಂದು ತಿಳಿಯಿತು. ಒಂದು ಹಾಳೆಯಲ್ಲಿ ಸಿಲಿಕಾನ್ ಮತ್ತು ಆಮ್ಲಜನಕ, ಇನ್ನೊಂದರಲ್ಲಿ ಅಲ್ಯೂಮಿನಿಯಂ ಮತ್ತು ಆಮ್ಲಜನಕ. ಇಂತಹ ಒಂದಕ್ಕೊಂದು ಹಾಳೆ ಅಂಟಿಕೊಂಡರೆ ಕೇಯೊಲಿನೈಟ್. ಮಲೆನಾಡಿನ ಕೆಂಪು ಮಣ್ಣಿನಲ್ಲಿ ಹೆಚ್ಚಾಗಿರುವುದು ಅದೇ. ಎರಡು ಸಿಲಿಕಾನ್ ಹಾಳೆಗಳ ನಡುವೆ ಒಂದು ಅಲ್ಯೂಮಿನಿಯಂ ಹಾಳೆ ಸಿಕ್ಕಿದರೆ ಮಾಂಟ್‌ಮೊರಿಲ್ಲೊನೈಟ್ ಮತ್ತು ಅದರ ಬಂಧುಗಳು. ವಿಜಾಪುರ, ಧಾರವಾಡಗಳ ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದು ಇದರ ದೆಸೆಯಿಂದ. ಈ ಹಾಳೆಗಳಲ್ಲಿ ಅಲ್ಲಲ್ಲಿ ಒಂದು ಪರಮಾಣುವಿನ ಜಾಗದಲ್ಲಿ ಇನ್ನೊಂದು ಕೂತಿರುವುದರಿಂದ ಹಾಳೆಗೆ ಋಣ ವಿದ್ಯುತ್ತು ಬರುತ್ತದೆ. ಆ ಋಣವನ್ನು ಸರಿದೂಗಿಸಲು ಹಾಳೆಯ ಮೈಮೇಲೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ, ಸೋಡಿಯಂ ಮುಂತಾದ ಧನ ಅಯಾನುಗಳು ಬಂದು ಕೂರುತ್ತವೆ.

ಇದನ್ನು ಸರ್ಕಾರಿ ಕ್ವಾರ್ಟರ್ಸಿಗೆ ಹೋಲಿಸಿದರೆ ನಮ್ಮ ಓದುಗರಿಗೆ ಸುಲಭವಾಗಬಹುದು. ಮನೆಗಳ ಸಂಖ್ಯೆ ನಿಗದಿಯಾಗಿದೆ. ಒಬ್ಬರು ಖಾಲಿ ಮಾಡಿದರೆ ಇನ್ನೊಬ್ಬರಿಗೆ ಅಲಾಟ್ ಆಗುತ್ತದೆ. ಥಾಮಸ್ ವೇ ಕಂಡದ್ದು ಇದನ್ನೇ: ಕ್ಯಾಲ್ಸಿಯಂ ಖಾಲಿ ಮಾಡಿತು, ಅಮೋನಿಯಾ ಬಂದು ಕೂತಿತು. ಮಾಂಟ್‌ಮೊರಿಲ್ಲೊನೈಟ್ ದೊಡ್ಡ ಕಾಲೋನಿ. ಅದರ 100 ಗ್ರಾಂನಲ್ಲಿ 80ರಿಂದ 120 ಮಿಲಿ ಈಕ್ವಿವಲೆಂಟಿನಷ್ಟು ಅಯಾನುಗಳಿಗೆ ಜಾಗವಿದೆ. ಕೇಯೊಲಿನೈಟ್ ಚಿಕ್ಕದು, ಅದರಲ್ಲಿ 3ರಿಂದ 15 ಮಾತ್ರ. ದೆಹಲಿಯ ಸುತ್ತಿನ ಊಸರ ಭೂಮಿಯಲ್ಲಿ ಈ ಮನೆಗಳನ್ನು ಸೋಡಿಯಂ ಆಕ್ರಮಿಸಿಕೊಂಡಿದೆ. ಅದನ್ನು ಬಿಡಿಸಲು ಜಿಪ್ಸಮ್ ಹಾಕುತ್ತಾರೆ. 1969ರಲ್ಲಿ ಸ್ಥಾಪನೆಯಾದ ಕರ್ನಾಲಿನ ಲವಣ ಮಣ್ಣು ಸಂಶೋಧನಾ ಸಂಸ್ಥೆಯ ಮುಖ್ಯ ಕೆಲಸಗಳಲ್ಲಿ ಅದೂ ಒಂದು. ಮಲೆನಾಡಿನಲ್ಲಿ ಆಗಿರುವುದು ಬೇರೆ. ಮಳೆ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹೊರಗೆ ಹಾಕಿದೆ. ಅವುಗಳ ಮನೆಯಲ್ಲಿ ಈಗ ವಾಸವಾಗಿರುವವರು ಯಾರು? ವಾದ ಶುರುವಾದದ್ದು ಈ ಪ್ರಶ್ನೆಯಿಂದ.

ಅಮೆರಿಕದ ವೀಚ್ ಎಂಬಾತ 1904ರ ಸುಮಾರಿಗೆ ಒಂದು ಉತ್ತರ ಕೊಟ್ಟ. ಹುಳಿ ಮಣ್ಣನ್ನು ಸಾಧಾರಣ ಉಪ್ಪಿನ ದ್ರಾವಣದಲ್ಲಿ ಕಲಕಿ ಸೋಸಿದರೆ, ಬರುವ ನೀರು ಹುಳಿಯಾಗಿರುತ್ತದೆ. ಆ ನೀರಿನಲ್ಲಿ ಅಲ್ಯೂಮಿನಿಯಂ ಇರುತ್ತದೆ. ಆದ್ದರಿಂದ ಹುಳಿಯ ಕಾರಣ ಅಲ್ಯೂಮಿನಿಯಂ ಎಂದು ಆತ ಹೇಳಿದ. ಜಪಾನಿನ ದೈಕುಹಾರ 1914ರಲ್ಲಿ ಜಪಾನ್, ಕೊರಿಯಾಗಳ ಮಣ್ಣುಗಳಲ್ಲಿ ಇದನ್ನೇ ಕಂಡ. ಅಲ್ಯೂಮಿನಿಯಂ ಲೋಹದ ಹೆಸರು ಕೇಳಿ ಇದು ಹೇಗೆ ಹುಳಿಯಾದೀತು ಎನ್ನಿಸಬಹುದು. ಪಟಿಕವನ್ನು ನಾಲಿಗೆಗೆ ಮುಟ್ಟಿಸಿ ನೋಡಿದವರಿಗೆ ಸಂಶಯ ಉಳಿಯದು. ನೀರಿನಲ್ಲಿರುವ ಅಲ್ಯೂಮಿನಿಯಂ ಅಯಾನು ತನ್ನ ಸುತ್ತ ಆರು ನೀರಿನ ಅಣುಗಳನ್ನು ಕಟ್ಟಿಕೊಂಡಿರುತ್ತದೆ. ಆ ನೀರಿನಿಂದ ಜಲಜನಕವನ್ನು ಹೊರಕ್ಕೆ ತಳ್ಳುತ್ತದೆ. ಒಂದು ಅಲ್ಯೂಮಿನಿಯಂ ಅಯಾನು ಪೂರ್ತಿ ಶಾಂತವಾಗಲು ಮೂರು ಪಾಲು ಕ್ಷಾರ ಬೇಕು.

ಈ ಉತ್ತರ ಹೆಚ್ಚು ಕಾಲ ನಿಲ್ಲಲಿಲ್ಲ. 1909ರಲ್ಲಿ ಡೆನ್ಮಾರ್ಕಿನ ಸೋರೆನ್ಸನ್ ಪಿ.ಎಚ್. ಮಾಪನವನ್ನು ಬಳಕೆಗೆ ತಂದ ಮೇಲೆ ಎಲ್ಲರ ಕಣ್ಣೂ ಜಲಜನಕದ ಅಯಾನಿನ ಮೇಲೆ ಬಿತ್ತು. ಆಮ್ಲವೆಂದರೆ ಜಲಜನಕ ಕೊಡುವ ವಸ್ತು. ಹುಳಿ ಮಣ್ಣೆಂದರೆ ಜಲಜನಕ ತುಂಬಿಕೊಂಡ ಜೇಡಿ. ಉಪ್ಪಿನ ನೀರಿಗೆ ಬರುವ ಅಲ್ಯೂಮಿನಿಯಂ ಆ ಜಲಜನಕ ಆಮೇಲೆ ಕರಗಿಸಿದ್ದು, ಅಷ್ಟೆ. ಇದು ಹೊಸ ಪಕ್ಷದ ಸಿದ್ಧಾಂತ. ಅಮೆರಿಕದ ರಿಚರ್ಡ್ ಬ್ರಾಡ್‌ಫೀಲ್ಡ್ 1923ರಲ್ಲಿ ಜೇಡಿಯನ್ನು ನೀರಿನಲ್ಲಿ ತೇಲಿಸಿ, ಕ್ಷಾರ ಸೇರಿಸುತ್ತ ಟೈಟ್ರೇಶನ್ ಮಾಡಿ, ಅದು ದುರ್ಬಲ ಆಮ್ಲದಂತೆ ವರ್ತಿಸುತ್ತದೆ ಎಂದು ತೋರಿಸಿದ. ಪ್ರಪಂಚದ ಪ್ರಯೋಗಾಲಯಗಳೆಲ್ಲ ಜೇಡಿಯನ್ನು ಆಮ್ಲದಲ್ಲಿ ತೊಳೆದೋ ವಿದ್ಯುತ್ತಿನಿಂದ ಶುದ್ಧಿಮಾಡಿಯೋ 'ಜಲಜನಕ ಜೇಡಿ' ತಯಾರಿಸಿ, ಅದರ ಗುಣಗಳನ್ನು ಅಳೆಯತೊಡಗಿದವು.

ಕಲ್ಕತ್ತೆಯ ವಿಜ್ಞಾನ ಕಾಲೇಜು ಈ ಕಥೆಗೆ ಪ್ರವೇಶಿಸುವುದು ಇಲ್ಲಿ. ಜ್ಞಾನೇಂದ್ರನಾಥ ಮುಖರ್ಜಿ 1893ರಲ್ಲಿ ಹುಟ್ಟಿದವರು. ಸತ್ಯೇಂದ್ರನಾಥ ಬೋಸ್, ಮೇಘನಾದ ಸಹಾ ಅವರ ಪೀಳಿಗೆಯವರು; ಆಚಾರ್ಯ ಪ್ರಫುಲ್ಲಚಂದ್ರ ರಾಯರ ಶಿಷ್ಯವರ್ಗದವರು. ಮೊದಲ ಮಹಾಯುದ್ಧ ಮುಗಿದ ಮೇಲೆ ಲಂಡನ್ನಿಗೆ ಹೋಗಿ ಡಾನನ್ ಅವರ ಪ್ರಯೋಗಾಲಯದಲ್ಲಿ ಕಲಿಲಗಳ, ಅಂದರೆ ನೀರಿನಲ್ಲಿ ಕರಗದೆ ತೇಲುವ ಅತಿಸೂಕ್ಷ್ಮ ಕಣಗಳ, ಅಭ್ಯಾಸ ಮಾಡಿ ಬಂದರು. ಜೇಡಿಯೂ ಅಂತಹ ಕಲಿಲವೇ. 1934ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಮಣ್ಣು ವಿಜ್ಞಾನ ಸಂಘ ಹುಟ್ಟಿದಾಗ ಅದರ ಸ್ಥಾಪಕರಲ್ಲಿ ಇವರೂ ಇದ್ದರು. ಈಗ ಆ ಸಂಘದ ಕಚೇರಿ ನಮ್ಮ ದೆಹಲಿಯ ಪೂಸಾ ಪ್ರದೇಶದಲ್ಲೇ ಇದೆ.

ಮುಖರ್ಜಿ ಮತ್ತು ಅವರ ಶಿಷ್ಯರು ಮೂವತ್ತು, ನಲವತ್ತರ ದಶಕಗಳಲ್ಲಿ ಭಾರತದ ಬೇರೆಬೇರೆ ಜೇಡಿಗಳನ್ನು ತೆಗೆದುಕೊಂಡು ನೂರಾರು ಟೈಟ್ರೇಶನ್ ಮಾಡಿದರು. ಬಿ.ಎಸ್‌ಸಿ. ಓದಿದವರಿಗೆಲ್ಲ ಬ್ಯೂರೆಟ್ಟಿನ ಕೆಲಸ ನೆನಪಿರಬಹುದು. ಫ್ಲಾಸ್ಕಿನಲ್ಲಿ ಆಮ್ಲ, ಎರಡು ಹನಿ ಫಿನಾಫ್ಥಲೀನ್. ಮೇಲಿನಿಂದ ಕ್ಷಾರ ಹನಿಹನಿಯಾಗಿ ಬೀಳುತ್ತಿದ್ದಂತೆ ಒಂದು ಹನಿಗೆ ಇದ್ದಕ್ಕಿದ್ದಂತೆ ಗುಲಾಬಿ ಬಣ್ಣ. ಆಮ್ಲ ಒಂದೇ ಆದರೆ ಯಾವ ಕ್ಷಾರ ಹಾಕಿದರೂ ಲೆಕ್ಕ ಒಂದೇ ಬರಬೇಕು; ಇದು ನಿಯಮ. ಜೇಡಿ ಈ ನಿಯಮಕ್ಕೆ ಬಗ್ಗಲಿಲ್ಲ. ಅದೇ ಜೇಡಿಗೆ ಸೋಡಿಯಂ ಹೈಡ್ರಾಕ್ಸೈಡ್ ಹಾಕಿದರೆ ಒಂದು ಲೆಕ್ಕ, ಸುಣ್ಣದ ನೀರನ್ನೋ ಬೇರಿಯಂ ಹೈಡ್ರಾಕ್ಸೈಡನ್ನೋ ಹಾಕಿದರೆ ಅದಕ್ಕಿಂತ ಹೆಚ್ಚು. ಸ್ವಲ್ಪ ಉಪ್ಪು ಸೇರಿಸಿದರೆ ದುರ್ಬಲವಾಗಿ ಕಾಣುತ್ತಿದ್ದ ಆಮ್ಲ ಪ್ರಬಲವಾಗಿ ಕಾಣತೊಡಗುತ್ತಿತ್ತು. ಆ ಉಪ್ಪಿನ ನೀರನ್ನು ಸೋಸಿ ನೋಡಿದರೆ ಅದರಲ್ಲಿ ಮತ್ತೆ ಅಲ್ಯೂಮಿನಿಯಂ! ಜಲಜನಕ ಜೇಡಿ ಎಂದು ಹೆಸರಿಟ್ಟ ವಸ್ತುವಿನ ಮೈಮೇಲೆ ಜಲಜನಕದ ಜೊತೆಗೆ ಅಲ್ಯೂಮಿನಿಯಮ್ಮೂ ಕೂತಿದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಈ ವರ್ತನೆಯನ್ನು ವಿವರಿಸಲಾಗದು ಎಂಬ ನಿಲುವಿಗೆ ಕಲ್ಕತ್ತೆಯವರು ಬಂದರು. ಇಂಗ್ಲೆಂಡಿನಲ್ಲಿ ಪೇವರ್ ಮತ್ತು ಮಾರ್ಷಲ್ 1934ರಲ್ಲಿ ಇದೇ ದಿಕ್ಕಿನಲ್ಲಿ ಬರೆದಿದ್ದರು. ಆದರೂ ಹೆಚ್ಚಿನ ಪಠ್ಯಪುಸ್ತಕಗಳು ಜಲಜನಕದ ಪಕ್ಷವನ್ನೇ ಹಿಡಿದಿದ್ದವು.

ಮುಖರ್ಜಿಯವರು 1945ರಲ್ಲಿ ದೆಹಲಿಯ ಪೂಸಾ ಸಂಸ್ಥೆಯ ನಿರ್ದೇಶಕರಾಗಿ ಬಂದರು. ಆ ಹುದ್ದೆಯಲ್ಲಿದ್ದ ಮೊದಲ ಭಾರತೀಯ ಬಿ. ವಿಶ್ವನಾಥ್ ಅವರೂ ಮಣ್ಣಿನ ರಸಾಯನಜ್ಞರೇ. ಮುಖರ್ಜಿ 1947ರವರೆಗೆ ಇಲ್ಲಿದ್ದರು. ಸಂಸ್ಥೆಯ ಹೆಸರಿನಲ್ಲಿದ್ದ 'ಇಂಪೀರಿಯಲ್' ಹೋಗಿ 'ಇಂಡಿಯನ್' ಬಂದದ್ದು ಸ್ವಾತಂತ್ರ್ಯದೊಂದಿಗೆ. 1964ರಲ್ಲಿ ಅವರಿಗೆ ಪದ್ಮಭೂಷಣ ಸಂದಿತು, 1983ರಲ್ಲಿ ತೀರಿಕೊಂಡರು. ಅವರೊಡನೆ ಕಲ್ಕತ್ತೆಯಲ್ಲಿ ಕೆಲಸ ಮಾಡಿದ್ದ ಆರ್. ಪಿ. ಮಿತ್ರ ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗಕ್ಕೆ ಬಂದು ಜೇಡಿಯ ಟೈಟ್ರೇಶನ್ನನ್ನು ಮುಂದುವರಿಸಿದರು.

ಐವತ್ತರ ದಶಕದಲ್ಲಿ ಗುಟ್ಟು ಬಯಲಾಯಿತು. ಸೋವಿಯತ್ ದೇಶದಲ್ಲಿ ಚೆರ್ನೋವ್ 1947ರಲ್ಲಿ ಅಲ್ಯೂಮಿನಿಯಂ ಪಕ್ಷವನ್ನು ಬಲವಾಗಿ ಮಂಡಿಸಿದ್ದ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಎನ್. ಟಿ. ಕೋಲ್ಮನ್ (ಇವರು ನಮ್ಮ ಮೈಸೂರಿನ ಕೋಲ್ಮನ್ ಅಲ್ಲ) ಮತ್ತು ಹಾರ್ವರ್ಡ್ ಎಂಬವರು 1953-54ರಲ್ಲಿ ಜಲಜನಕ ಜೇಡಿಯನ್ನು ಬಹಳ ಬೇಗನೆ ತಯಾರಿಸಿ, ತಯಾರಾದ ಕೂಡಲೇ ಅಳೆದು ನೋಡಿದರು. ತಾಜಾ ಜೇಡಿ ಹೈಡ್ರೋಕ್ಲೋರಿಕ್ ಆಮ್ಲದಷ್ಟು ಪ್ರಬಲವಾಗಿ ವರ್ತಿಸಿತು. ಅದನ್ನೇ ಕೆಲವು ಕಾಲ ಇಟ್ಟರೆ ದುರ್ಬಲ ಆಮ್ಲವಾಯಿತು, ಅಂದರೆ ಅಲ್ಯೂಮಿನಿಯಂ ಜೇಡಿಯಾಯಿತು. ಜಲಜನಕದ ಅಯಾನು ಜೇಡಿಯ ಮೈಮೇಲೆ ಸುಮ್ಮನೆ ಕೂರುವುದಿಲ್ಲ. ಒಳಗೆ ನುಗ್ಗಿ ಗೋಡೆಯನ್ನು ಕೊರೆಯುತ್ತದೆ. ಗೋಡೆಯ ಇಟ್ಟಿಗೆಯಾಗಿದ್ದ ಅಲ್ಯೂಮಿನಿಯಂ ಕಳಚಿ ಹೊರಬಂದು ಮನೆಯನ್ನು ತಾನೇ ಆಕ್ರಮಿಸುತ್ತದೆ. ಹಿಂದಿನವರು ವಾರಗಟ್ಟಲೆ ಶುದ್ಧಿಮಾಡಿ ಸೀಸೆಯಲ್ಲಿಟ್ಟ ಜಲಜನಕ ಜೇಡಿ, ಅವರು ಅಳೆಯುವ ಹೊತ್ತಿಗೆ ಬಹುಪಾಲು ಅಲ್ಯೂಮಿನಿಯಂ ಜೇಡಿಯಾಗಿಬಿಟ್ಟಿರುತ್ತಿತ್ತು. ಚೀಟಿ ಒಂದು, ಸರಕು ಇನ್ನೊಂದು.

ಕ್ಯಾಲಿಫೋರ್ನಿಯಾದ ಹೆಸರಾಂತ ಮಣ್ಣು ವಿಜ್ಞಾನಿ ಹಾನ್ಸ್ ಯೆನ್ನಿ 1961ರಲ್ಲಿ ಈ ಇತಿಹಾಸವನ್ನು ಬರೆದಾಗ, ಲೇಖನದ ಹೆಸರಿನಲ್ಲೇ ಇದನ್ನು ಜಾತ್ರೆಯ ತಿರುಗುವ ಕುದುರೆಗಳ ಆಟಕ್ಕೆ ಹೋಲಿಸಿದ. ಅಲ್ಯೂಮಿನಿಯಂನಿಂದ ಹೊರಟವರು ಜಲಜನಕದ ಸುತ್ತ ಸುತ್ತಿ ಮತ್ತೆ ಅಲ್ಯೂಮಿನಿಯಂಗೇ ಬಂದಿಳಿದಿದ್ದರು. ಯೆನ್ನಿಗೆ ಭಾರತ ಅಪರಿಚಿತವಲ್ಲ, ಪೂಸಾದ ಎಸ್. ಪಿ. ರಾಯಚೌಧುರಿಯವರ ಜೊತೆಗೂಡಿ ಭಾರತದ ಮಣ್ಣುಗಳ ಬಗ್ಗೆ ಬರೆದ ಪುಸ್ತಕ ದೆಹಲಿಯಿಂದಲೇ 1960ರಲ್ಲಿ ಪ್ರಕಟವಾಗಿತ್ತು. ಕೊನೆಗೆ 1969ರಲ್ಲಿ ಮಿತ್ರ ಮತ್ತು ಕಪೂರ್, ನೀರಿನಲ್ಲೂ ನೀರಲ್ಲದ ಬೇರೆ ದ್ರಾವಕಗಳಲ್ಲೂ ಮಾಂಟ್‌ಮೊರಿಲ್ಲೊನೈಟನ್ನು ಟೈಟ್ರೇಶನ್ ಮಾಡಿ ಅದರ ಆಮ್ಲಗುಣದ ಬಗ್ಗೆ ಪ್ರಕಟಿಸಿದರು. ಒಂದೇ ಜೇಡಿಯಲ್ಲಿ ಹಲವು ತರದ ಹುಳಿ ಇದೆ: ಮೊದಲು ತಟಸ್ಥವಾಗುವ ಪ್ರಬಲ ಜಲಜನಕ, ಆಮೇಲೆ ಅಲ್ಯೂಮಿನಿಯಂ, ಕೊನೆಗೆ ಹಾಳೆಗಳ ಅಂಚಿನಲ್ಲಿರುವ ಅತಿ ದುರ್ಬಲ ಗುಂಪುಗಳು. ಇಂದಿನ ವಿದ್ಯಾರ್ಥಿಗಳು ಓದುವುದು ಈ ಚಿತ್ರವನ್ನೇ.

ಇಷ್ಟು ದೊಡ್ಡ ವಾದದಿಂದ ತೋಟದವನಿಗೆ ಬಂದ ಲಾಭವೇನು? ತೀರ್ಥಹಳ್ಳಿ ಕಡೆಯಲ್ಲಿರುವ ನಮ್ಮ ಚಿಕ್ಕಪ್ಪನವರು ಹೋದ ವರ್ಷ ಫೋನಿನಲ್ಲಿ ಕೇಳಿದ ಮಾತು ಇದು: “ಕಾರ್ಡಿನಲ್ಲಿ ಪಿ.ಎಚ್. 5 ಅಂತ ಬರೆದಿದ್ದಾರೆ ಕಣೋ. ವರ್ಷಾ ವರ್ಷಾ ಬುಡಕ್ಕೆ ಒಂದೊಂದು ಹಿಡಿ ಸುಣ್ಣ ಎರಚ್ತಾ ಇದ್ದೀನಿ. ಅದು ಇದ್ದಲ್ಲೇ ಇದೆಯಲ್ಲ?” ಅವರಿಗೆ ಕಾಗದದ ಮೇಲೆ ಒಂದು ಲೆಕ್ಕ ಹಾಕಿ ಕಳಿಸಿದೆವು. ಓದುಗರೂ ಅದನ್ನು ನೋಡಬಹುದು.

ಒಂದು ಹೆಕ್ಟೇರ್, ಎಂದರೆ ಸುಮಾರು ಎರಡೂವರೆ ಎಕರೆ ಜಮೀನಿನ ಮೇಲಿನ 15 ಸೆಂಟಿಮೀಟರ್ ಮಣ್ಣಿನ ತೂಕ ಸುಮಾರು 20 ಲಕ್ಷ ಕಿಲೋ. ಅದರಲ್ಲಿ ಐದನೆಯ ಒಂದು ಪಾಲು ನೀರು ಎಂದಿಟ್ಟುಕೊಂಡರೆ 4 ಲಕ್ಷ ಲೀಟರ್. ಪಿ.ಎಚ್. 5 ಎಂದರೆ ಒಂದು ಲೀಟರಿನಲ್ಲಿ ಒಂದು ಗ್ರಾಂನ ಲಕ್ಷದಲ್ಲೊಂದು ಭಾಗ ಜಲಜನಕದ ಅಯಾನು. ಇಡೀ ಹೆಕ್ಟೇರಿನ ನೀರಿನಲ್ಲಿ ಒಟ್ಟು 4 ಗ್ರಾಂ! ಇದನ್ನು ತಟಸ್ಥಗೊಳಿಸಲು 200 ಗ್ರಾಂ ಸುಣ್ಣಕಲ್ಲಿನ ಪುಡಿ ಸಾಕು. ಅಜ್ಜಿಯ ಎಲೆಯಡಿಕೆ ತಟ್ಟೆಯಲ್ಲಿರುವ ಸುಣ್ಣದ ಡಬ್ಬಿಗಳನ್ನು ಕೂಡಿಸಿದರೆ ಆಗಿಹೋಗುವ ಕೆಲಸ.

ಈಗ ಜೇಡಿಯ ಮೈಮೇಲೆ ಕೂತ ಅಲ್ಯೂಮಿನಿಯಂ ಲೆಕ್ಕ. 100 ಗ್ರಾಂ ಮಣ್ಣಿನಲ್ಲಿ ಬರೇ 18 ಮಿಲಿಗ್ರಾಂ, ಅಂದರೆ 2 ಮಿಲಿ ಈಕ್ವಿವಲೆಂಟ್, ಇದೆ ಎಂದಿಟ್ಟುಕೊಳ್ಳೋಣ. ಹೆಕ್ಟೇರಿಗೆ ಅದು 360 ಕಿಲೋ ಆಗುತ್ತದೆ. ಅದನ್ನು ಶಾಂತಗೊಳಿಸಲು ಬೇಕಾದ ಸುಣ್ಣಕಲ್ಲಿನ ಪುಡಿ 2000 ಕಿಲೋ. 200 ಗ್ರಾಂ ಎಲ್ಲಿ, ಎರಡು ಟನ್ ಎಲ್ಲಿ! ಹತ್ತು ಸಾವಿರ ಪಟ್ಟು ಅಂತರ. ನೌಕರಿಯಲ್ಲಿರುವವರಿಗೆ ಇದು ತಿಳಿಯದ ವಿಷಯವಲ್ಲ. ತಿಂಗಳ ಕೊನೆಯಲ್ಲಿ ಜೇಬಿನಲ್ಲಿರುವ ಹಣವನ್ನು ನೋಡಿ ಒಬ್ಬನ ಭವಿಷ್ಯನಿಧಿಯ ಮೊತ್ತವನ್ನು ಹೇಳಲಾಗದು. ಪಿ.ಎಚ್. ತೋರಿಸುವುದು ಜೇಬನ್ನು. ಜೇಬು ಖಾಲಿಯಾದಂತೆಲ್ಲ ಜೇಡಿ ತನ್ನ ಗಂಟಿನಿಂದ ತುಂಬಿಸುತ್ತದೆ. ಚಿಕ್ಕಪ್ಪನವರ ಹಿಡಿ ಸುಣ್ಣ ಎಲ್ಲಿಗೆ ಹೋಯಿತೆಂಬುದಕ್ಕೆ ಇದೇ ಉತ್ತರ.

ಅಲ್ಯೂಮಿನಿಯಂನಿಂದ ಇನ್ನೊಂದು ಹಾನಿಯೂ ಇದೆ. ಅದು ಬೇರಿಗೆ ವಿಷ. ಬೇರಿನ ತುದಿ ಬೆಳೆಯದೆ ಮೊಂಡಾಗಿ ದಪ್ಪಗಾಗುತ್ತದೆ. ಕೆಳಗಿನ ನೀರು, ಗೊಬ್ಬರ ಗಿಡಕ್ಕೆ ಎಟಕುವುದಿಲ್ಲ. ಹುಳಿ ನೆಲದಲ್ಲಿ ಬೆಳೆ ಕುಗ್ಗಲು ಹಲವೆಡೆ ಮುಖ್ಯ ಕಾರಣ ಇದೇ. ಪಿ.ಎಚ್. ಸುಮಾರು 5.5ನ್ನು ದಾಟಿದರೆ ಈ ಅಲ್ಯೂಮಿನಿಯಂ ಕರಗದ ರೂಪಕ್ಕೆ ತಿರುಗಿ ನಿರುಪದ್ರವಿಯಾಗುತ್ತದೆ. ಆದ್ದರಿಂದ ಉತ್ತರ ಕೆರೊಲಿನಾದ ಕಾಂಪ್ರಾತ್ 1970ರಲ್ಲಿ, ಪಿ.ಎಚ್. ಅನ್ನು 7ಕ್ಕೆ ಏರಿಸಲು ಹೆಣಗದೆ, ಉಪ್ಪಿನ ದ್ರಾವಣಕ್ಕೆ ಬರುವ ಅಲ್ಯೂಮಿನಿಯಂ ಅಳೆದು ಅದಕ್ಕೆ ತಕ್ಕಷ್ಟು ಸುಣ್ಣ ಹಾಕುವ ಕ್ರಮವನ್ನು ಸೂಚಿಸಿದ. ಅದು 1904ರ ವೀಚನ ಉಪ್ಪಿನ ನೀರೇ ಎಂಬುದು ಓದುಗರ ಗಮನಕ್ಕೆ ಬಂದಿರಬಹುದು. ಮಿತಿಮೀರಿ ಸುಣ್ಣ ಸುರಿದರೂ ಕೆಡಕು. ಸತು, ಬೋರಾನ್‌ಗಳ ಕೊರತೆ ತಲೆದೋರುತ್ತದೆ.

ಕೇಂದ್ರ ಸರ್ಕಾರ 2015ರ ಫೆಬ್ರವರಿಯಲ್ಲಿ ಮಣ್ಣು ಆರೋಗ್ಯ ಕಾರ್ಡಿನ ಯೋಜನೆ ಆರಂಭಿಸಿತು. ಒಳ್ಳೆಯ ಯೋಜನೆ, ಕೋಟ್ಯಂತರ ರೈತರ ಕೈಗೆ ಕಾರ್ಡು ಬಂದಿದೆ. ಅದರಲ್ಲಿ 12 ಅಂಶಗಳಿವೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಪಿ.ಎಚ್., ಲವಣಾಂಶ, ಸಾವಯವ ಇಂಗಾಲ. ಅಲ್ಯೂಮಿನಿಯಂ ಈ ಹನ್ನೆರಡರಲ್ಲಿ ಇಲ್ಲ. ಪಂಜಾಬಿನ, ಹರಿಯಾಣದ, ದೆಹಲಿಯ ಹೊಲಗಳಿಗೆ ಅದು ಬೇಕಾಗಿಯೂ ಇಲ್ಲ. ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು, ಉಡುಪಿ, ಕಾಸರಗೋಡುಗಳ ಮಾತು ಬೇರೆ. ಅಲ್ಲಿನವರು ಪಿ.ಎಚ್. ಅಂಕಿಯನ್ನಷ್ಟೇ ನೋಡಿ ಅಂದಾಜಿನ ಮೇಲೆ ಸುಣ್ಣ ಕೊಂಡರೆ, ಕಡಿಮೆಯಾಗಿ ಹಣ ವ್ಯರ್ಥವಾಗಬಹುದು, ಇಲ್ಲವೇ ಹೆಚ್ಚಾಗಿ ಗಿಡಕ್ಕೆ ತೊಂದರೆಯಾಗಬಹುದು. ಒಂದೇ ಪಿ.ಎಚ್. ಇರುವ ಎರಡು ತೋಟಗಳಿಗೆ, ಜೇಡಿಯ ಪ್ರಮಾಣ ಮತ್ತು ಜಾತಿ ಬೇರೆಯಾಗಿದ್ದರೆ, ಬೇಕಾಗುವ ಸುಣ್ಣ ಎರಡು ಮೂರು ಪಟ್ಟು ವ್ಯತ್ಯಾಸವಾಗಬಹುದು.

ಇದಕ್ಕೆ ಉಪಾಯ ಕಷ್ಟದ್ದಲ್ಲ. ಮಣ್ಣು ಪರೀಕ್ಷೆಗೆ ಕೊಡುವಾಗ ಪಿ.ಎಚ್. ಜೊತೆಗೆ 'ಸುಣ್ಣದ ಅಗತ್ಯ' ಎಷ್ಟೆಂದು ಬೇರೆಯಾಗಿ ಕೇಳಬೇಕು. ಮಣ್ಣನ್ನು ಒಂದು ಗೊತ್ತಾದ ಬಫರ್ ದ್ರಾವಣದಲ್ಲಿ ಕಲಕಿ, ಆ ದ್ರಾವಣದ ಪಿ.ಎಚ್. ಎಷ್ಟು ಇಳಿಯಿತೆಂದು ನೋಡಿ, ಜೇಡಿಯಲ್ಲಿ ಅಡಗಿದ ಹುಳಿಯನ್ನು ಅಂದಾಜು ಮಾಡುವ ವಿಧಾನವಿದೆ. ಅದರಲ್ಲಿ ಹೆಚ್ಚು ಬಳಕೆಯಲ್ಲಿರುವುದೊಂದು 1961ರಲ್ಲಿ, ಅಲ್ಯೂಮಿನಿಯಂ ಹೆಚ್ಚಿರುವ ಮಣ್ಣುಗಳಿಗಾಗಿಯೇ ರೂಪುಗೊಂಡದ್ದು. ಕೃಷಿ ವಿಶ್ವವಿದ್ಯಾಲಯಗಳ ಪ್ರಯೋಗಾಲಯಗಳನ್ನು ಇದಕ್ಕಾಗಿ ವಿಚಾರಿಸಬಹುದು. ಕಾಫಿ ಬೆಳೆಗಾರರಿಗೆ ಬಾಳೆಹೊನ್ನೂರಿನಲ್ಲಿ 1925ರಿಂದ ನಡೆದುಬಂದ ಕಾಫಿ ಸಂಶೋಧನಾ ಕೇಂದ್ರವಿದೆ.

ಇಲ್ಲಿ ದೆಹಲಿಯಲ್ಲಿ ಬಾಲ್ಕನಿಯ ಕುಂಡದಲ್ಲಿ ಕರಿಬೇವು ಬೆಳೆಸುವ ಗೃಹಿಣಿಯರಿಗೂ ಒಂದು ಮಾತು. ಊರಿನಲ್ಲಿ ಸುಣ್ಣ ಒಳ್ಳೆಯದೆಂದು ಇಲ್ಲಿಯ ಕುಂಡಕ್ಕೆ ಹಾಕಬಾರದು. ಇಲ್ಲಿನ ಮಣ್ಣು, ನೀರು ಎರಡರಲ್ಲೂ ಅದು ಬೇಕಾದಷ್ಟಿದೆ. ನರಗಳು ಹಸಿರಾಗಿದ್ದು ಎಳೆಯ ಎಲೆ ಹಳದಿಯಾಗುತ್ತಿದ್ದರೆ, ಕ್ಷಾರದಿಂದಾಗಿ ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲವೆಂದು ತಿಳಿಯಬೇಕು.

ಮುಖರ್ಜಿ, ಮಿತ್ರ ಮೊದಲಾದವರ ಹೆಸರು ನಮ್ಮ ಮಕ್ಕಳ ಪಠ್ಯಗಳಲ್ಲಿ ಅಪರೂಪ. ಬೋಸ್, ಸಹಾ, ರಾಮನ್ ಅವರಿಗೆ ಸಂದ ಖ್ಯಾತಿ ಜೇಡಿಯನ್ನು ಕಲಕುತ್ತ ಕೂತವರಿಗೆ ಸಲ್ಲಲಿಲ್ಲ. ಆದರೆ ಪ್ರಯೋಗದ ಅಂಕಿ ಪುಸ್ತಕದ ಸಿದ್ಧಾಂತಕ್ಕೆ ಹೊಂದದಿದ್ದಾಗ ಅವರು ಅಂಕಿಯನ್ನು ತಿದ್ದಲಿಲ್ಲ. ಮತ್ತೆ ಮತ್ತೆ ಅಳೆದು, ಸಿಕ್ಕಿದ್ದನ್ನೇ ಬರೆದರು. ಮುಂದಿನ ಸಲ ಊರಿಗೆ ಹೋದಾಗ ಜಮೀನು ನೋಡಿಕೊಳ್ಳುತ್ತಿರುವ ಅಣ್ಣನಿಗೋ ಭಾವನಿಗೋ ಈ ವಿಷಯ ತಿಳಿಸಿ, ಮುಂಗಾರಿಗೆ ಮೊದಲೇ ಮಣ್ಣನ್ನು ಪರೀಕ್ಷೆಗೆ ಕಳಿಸುವಂತೆ ಹೇಳಿದರೆ ಅವರ ಶ್ರಮಕ್ಕೆ ಬೆಲೆ ಬಂದೀತು.